ಆರನೇ ಇಯತ್ತೆಯ ಒಂದು ವರ್ಷ

ಜನವರಿ ೧೨

ಹುಬ್ಬಳ್ಳಿಯ ಸ್ಟೀಲ್ ವ್ಯಾಪಾರಿ ವರ್ಷಕ್ಕೊಂದು ಡೈರಿ ಕೊಡುತ್ತಾನೆ. ಇಷ್ಟು ವರ್ಷ ಅದರಲ್ಲಿ ಹೆಂಡತಿ ಸರೋಜಾ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಈ ಸಲ ಮನೆಯಲ್ಲಿ ಹಾಲು ಕುಡಿಯುವವರೇ ಇಲ್ಲ. ಖಾಲಿ ಪುಸ್ತಕ ಕಂಡರೆ ನನ್ನ ಕೈ ಸುಮ್ಮನಿರದು.

ಹೊಸ ಪುಸ್ತಕದ ಮೊದಲ ಪುಟದಲ್ಲಿ ಇರುವ ಸರಕು ಬರೆದುಕೊಳ್ಳುವುದು ನಮ್ಮ ದಂಧೆಯ ರೂಢಿ. ಹತ್ತಿಮತ್ತೂರಿನಲ್ಲಿ ಒಂದು ಮನೆ. ಒಂದು ಟಂಟಂ ಗಾಡಿ, ಅದರ ತುಂಬ ಮಾರುವ ಭಾಂಡೆ, ಸ್ಟೀಲ್ ಪಾತ್ರೆಗಳು. ನಾಲ್ಕು ಸಂತೆ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಒಬ್ಬ ಹೆಂಡತಿ, ಒಬ್ಬ ಮಗಳು. ಇಬ್ಬರೂ ಹೋದ ಜೂನ್‌ನಿಂದ ಧಾರವಾಡದ ಬಾಡಿಗೆ ಕೋಣೆಯಲ್ಲಿ. ಶ್ವೇತಾ ಎರಡನೇ ಸಲ ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಸರ್ಕಾರಿ ಎಂಬಿಬಿಎಸ್ ಸೀಟೇ ಬೇಕು. ಖಾಸಗಿ ಸೀಟಿನ ಮಾತು ನಮ್ಮಂಥವರು ಆಡಬಾರದು. ಆಕೆಗೆ ರೊಟ್ಟಿ ಬಡಿದು ಹಾಕಲು ಸರೋಜಾ ಅಲ್ಲಿ. ನಾನು ಇಲ್ಲಿ.

ಸಂತೆಯಲ್ಲಿ ಏಳು ತಾಸು ಮಾತಾಡುತ್ತೇನೆ. ಹರಿದ ಚಪ್ಪಲಿ ಹೊಲಿಸಲು ಬಂದವನಿಗೂ ಹಿಟ್ಟು ನಾದುವ ಪರಾತ ಮಾರಿದ ಬಾಯಿ ಇದು. ಮನೆಗೆ ಬಂದ ಮೇಲೆ ಬೀಗ ತೆಗೆದ ಸಪ್ಪಳವೇ ಕೊನೆಯ ಮಾತು.

ಸಂಜೆ ಏಳಕ್ಕೆ ಫೋನು ಮಾಡಿದೆ. ವಾರದ ಟೆಸ್ಟಿನಲ್ಲಿ ಎಷ್ಟು ಬಂತು, ಹೋದ ವಾರಕ್ಕಿಂತ ಒಂಬತ್ತು ಕಡಿಮೆ ಏಕೆ, ಭೌತಶಾಸ್ತ್ರ ಹೇಗೆ ಓದಬೇಕು, ಎಲ್ಲ ಹೇಳಿದೆ. ನಾನು ಓದಿದ್ದು ಏಳನೇ ಇಯತ್ತೆ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಅದರಲ್ಲಿ ಶ್ವೇತಾ ಮಾತಾಡಿದ್ದು ಆ ಹನ್ನೆರಡು ಸೆಕೆಂಡು ಇರಬೇಕು.

ಜನವರಿ ೨೦

ಹಿರೇಕೆರೂರು ಸಂತೆ. ಮಾಸೂರಿನ ಕರೆವ್ವ ಒಂದು ತಾಸಿನಿಂದ ಒಂದೇ ಕೊಡ ಬಡಿದು ನೋಡುತ್ತಿದ್ದಳು.

"ಎಷ್ಟಂತಿಯೋ ಯಣ್ಣಾ ಇದಕ್ಕ?"

"ನಿನಗಂತ ಕಡಿಮಿ ಹೇಳ್ತೇನಿ ಯಕ್ಕಾ. ನಿನ್ನ ಗಂಡಗ ಮಾತ್ರ ಹೇಳಬ್ಯಾಡ, ಮನ್ನೆ ಅವನ ಕಡೆ ಜಾಸ್ತಿ ತಗೊಂಡೇನಿ."

"ನನ್ನ ಗಂಡ ಸತ್ತು ಆರು ವರ್ಷ ಆತೋ!"

ಸುತ್ತ ನಿಂತವರು ನಕ್ಕರು. ನಾನು ಸೋಲುವವನೇ? "ಅದಕ್ಕ ಯಕ್ಕಾ, ಹೇಳಬ್ಯಾಡ ಅಂದಿದ್ದು."

ಕೊಡ ಹೋಯಿತು. ಅದರ ಕಂಠದ ಮೇಲೆ ಆಕೆಯ ಹೆಸರು ಕೊರೆಯುತ್ತಿದ್ದಾಗ ಕೇಳಿದಳು: "ಹೆಂಡ್ರು ಮಗಳು ಧಾರವಾಡದಾಗ ಅದಾರಂತಲ್ಲ. ಮನ್ಯಾಗ ಯಾರದಾರ?"

"ನಾ ಅದೇನಲ್ಲ."

"ಹಂಗಾರ ಯಾರೂ ಇಲ್ಲ ಅನ್ನು."

ಇಡೀ ಸಂತೆಯಲ್ಲಿ ಇವತ್ತಿನ ಒಳ್ಳೆಯ ಮಾತು ನನ್ನದಲ್ಲ, ಆಕೆಯದು.

ಫೆಬ್ರವರಿ ೪

ಸವಣೂರಿನಲ್ಲಿ ಚನ್ನೇಶನ ಕಂಪ್ಯೂಟರ್ ಅಂಗಡಿಗೆ ಹೋಗಿ ಹೋದ ವರ್ಷದ ಸೀಟು ಹಂಚಿಕೆಯ ಪಟ್ಟಿ ಪ್ರಿಂಟ್ ಹಾಕಿಸಿದೆ. ಯಾವ ಕಾಲೇಜಿನಲ್ಲಿ ಯಾವ ರ್‍ಯಾಂಕಿಗೆ ಬಾಗಿಲು ಮುಚ್ಚಿತು ಎಂಬ ಲೆಕ್ಕ. ಇಂಥ ಪಟ್ಟಿ ಓದುವುದು ನನಗೆ ಕಡಬು ತಿಂದಷ್ಟು ಸುಖ.

ನಮ್ಮದು ೩ಬಿ ವರ್ಗ. ಅದರೊಳಗೇ ಮೂರು ಸಾಲು: ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ. ಸಾಮಾನ್ಯ ಸಾಲಿನ ಕೊನೆಯ ರ್‍ಯಾಂಕ್ ಶ್ವೇತಾಳಿಗಿಂತ ಬಹಳ ಮೇಲಿತ್ತು. ಗ್ರಾಮೀಣ ಸಾಲಿನ ಮೇಲೆ ಬೆರಳಿಟ್ಟೆ. ನಾಲ್ಕು ಕಾಲೇಜುಗಳಲ್ಲಿ ಶ್ವೇತಾಳ ರ್‍ಯಾಂಕಿಗಿಂತ ಹಿಂದಿನವರಿಗೆ ಸೀಟು ಸಿಕ್ಕಿತ್ತು.

"ಚನ್ನೇಶಾ, ಇದರಾಗ ನಮ್ಮ ಶ್ವೇತಾ ಯಾಕ ಇಲ್ಲೋ? ನಾವು ಹಳ್ಳ್ಯಾವ್ರಲ್ಲೇನು?"

"ಹಳ್ಳ್ಯಾಗ ಇದ್ರ ನಡಿಯಂಗಿಲ್ರಿ ಕಾಕಾ. ಒಂದರಿಂದ ಹತ್ತರತನಕ ಹತ್ತೂ ವರ್ಷ ಹಳ್ಳಿ ಸಾಲ್ಯಾಗ ಓದಿರಬೇಕು. ಕನ್ನಡದ್ದೂ ಹಂಗ, ಹತ್ತೂ ವರ್ಷ."

"ಒಂಬತ್ತು ಇದ್ರ?"

"ಒಂಬತ್ತಕ್ಕ ಏನಿಲ್ರಿ."

ಹಾಳೆ ಮಡಿಚಿ ಕಿಸೆಯಲ್ಲಿಟ್ಟುಕೊಂಡು ಬಂದೆ.

ಫೆಬ್ರವರಿ ೫

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ?

ಶ್ವೇತಾ ಐದನೇ ಇಯತ್ತೆಯವರೆಗೆ ನಮ್ಮೂರ ಸರ್ಕಾರಿ ಶಾಲೆ. ಐದು ಮುಗಿಸಿದ ವರ್ಷ ಹಾನಗಲ್ಲಿನ ನನ್ನ ಷಡ್ಡಕ ರುದ್ರೇಶ ತನ್ನ ಮನೆಯ ವಾಸ್ತುಶಾಂತಿಯಲ್ಲಿ ಹತ್ತು ಮಂದಿಯ ಎದುರು ಅಂದ: "ಶಂಕ್ರಪ್ಪಂದು ಬಾಯಿ ದೊಡ್ಡದು, ಮಗಳದ್ದು ಮಾತ್ರ ಕನ್ನಡ ಸಾಲಿ." ನಾನು ಊಟ ಮುಗಿಸುವುದರೊಳಗೆ ನಿರ್ಧಾರ ಮಾಡಿದ್ದೆ. ಆರನೇ ಇಯತ್ತೆಗೆ ಸವಣೂರು ಪಟ್ಟಣದ ಇಂಗ್ಲಿಷ್ ಶಾಲೆ. ಸರೋಜಾಳನ್ನು ಕೇಳಲಿಲ್ಲ. ಶ್ವೇತಾಳನ್ನಂತೂ ಕೇಳುವ ಪ್ರಶ್ನೆಯೇ ಇಲ್ಲ.

ಒಂದು ಸಲ ಆಕೆಯನ್ನು ಟೈ ಬೂಟಿನ ಸಮೇತ ಹಾನಗಲ್ ಸಂತೆಗೆ ಕರೆದುಕೊಂಡು ಹೋದೆ. ಭಾಂಡೆಗಳ ಪಕ್ಕ ನಿಲ್ಲಿಸಿ, ರುದ್ರೇಶನ ಎದುರು, ಗಿರಾಕಿಗಳ ಎದುರು, "ಇಂಗ್ಲಿಷ್‌ನ್ಯಾಗ ಏನರ ಹೇಳವ್ವಾ" ಎಂದೆ. ಆಕೆ ಒಂದು ಹಂಡೆಯನ್ನು ನೋಡುತ್ತ ನಿಂತಳು. ಮತ್ತೆ ಹೇಳು ಅಂದೆ. ಮತ್ತೂ ಹಂಡೆಯನ್ನೇ ನೋಡಿದಳು. ಆ ವರ್ಷವೆಲ್ಲ ಆಕೆ ನನ್ನೊಡನೆ ಆಡಿದ್ದು ಎರಡು ಮಾತು: "ಹೋಗ್ಲಿ?" "ಬಂದೆ."

ಏಳನೇ ಇಯತ್ತೆಗೆ ವಾಪಸು ಊರ ಶಾಲೆಗೇ ಹಾಕಿದೆ. ಕೇಳಿದವರಿಗೆ ವ್ಯಾನು ಸರಿಯಾಗಿ ಬರುತ್ತಿರಲಿಲ್ಲ ಎಂದೆ. ವ್ಯಾನು ದಿನಾ ಸರಿಯಾಗಿಯೇ ಬರುತ್ತಿತ್ತು.

ಆ ಒಂದು ವರ್ಷ ಇಲ್ಲದಿದ್ದರೆ ಹೋದ ವರ್ಷವೇ ಸೀಟು. ಈ ಧಾರವಾಡ, ಈ ಕೋಣೆ, ಈ ಬೀಗ, ಏನೂ ಇರುತ್ತಿರಲಿಲ್ಲ.

ಫೆಬ್ರವರಿ ೬

ಸಂತೆಗೆ ಹೋಗಲಿಲ್ಲ.

ಫೆಬ್ರವರಿ ೧೯

ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯಿನಿ ರಹಿಮಾಬಿ ಅಕ್ಕೋರು. ಶ್ವೇತಾಳಿಗೆ ಅಕ್ಷರ ತಿದ್ದಿಸಿದವರು. ಆಗಿದ್ದ ಪ್ರೀತಿ ಈಗಲೂ ಇದೆ. ಅದನ್ನೇ ನಂಬಿಕೊಂಡು ಹೊಸ ಹಾಟ್‌ಬಾಕ್ಸ್ ಒಂದನ್ನು ಪೇಪರಿನಲ್ಲಿ ಸುತ್ತಿ ಒಯ್ದೆ.

ಮಳೆ, ಬೆಳೆ, ಬಿಸಿಯೂಟದ ಅಕ್ಕಿ, ಎಲ್ಲ ಮಾತಾಡಿದೆ. ಅವರು ಕನ್ನಡಕ ತೆಗೆದಿಟ್ಟರು.

"ಶಂಕ್ರಪ್ಪಾರ, ಮಕ್ಕಳ ಗುಣಾಕಾರದ ಪೇಪರ್ ನೋಡೂದು ಬಾಕಿ ಐತಿ. ಏನ್ ಬೇಕು ಹೇಳ್ರಿ."

ಹೇಳಿದೆ. ಆರನೇ ಇಯತ್ತೆಯೂ ಇಲ್ಲೇ ಓದಿದಳೆಂದು ಒಂದು ಪ್ರಮಾಣಪತ್ರ. ಒಂದೇ ಸಾಲು. ಯಾರಿಗೂ ನಷ್ಟವಿಲ್ಲ.

ಅವರು ಎದ್ದು ಹೋಗಿ ಹಳೆಯ ದಾಖಲಾತಿ ರಜಿಸ್ಟರ್ ತಂದು ನನ್ನ ಮುಂದೆ ತೆರೆದರು. ಐದನೇ ಇಯತ್ತೆ ಮುಗಿಸಿ ಬಿಟ್ಟ ತಾರೀಖು, ಏಳಕ್ಕೆ ಮತ್ತೆ ಸೇರಿದ ತಾರೀಖು. ಎರಡರ ಕೆಳಗೂ ನನ್ನದೇ ಸಹಿ. ಮೊದಲನೆಯದು ಅಂಕುಡೊಂಕು ಬಾಲ ಹಚ್ಚಿ ಉದ್ದಕ್ಕೆ ಮಾಡಿದ್ದೆ. ಎರಡನೆಯದು ಸಣ್ಣಗಿತ್ತು.

"ನೀವ್ ಕೇಳಿದ್ರ ಇದು ವ್ಯಾಪಾರ ಆಗ್ತೈತಿ. ಶ್ವೇತಾ ಬರ್ಲಿ. ನನ್ನ ಮುಂದ ನಿಂತು ‘ಟೀಚರ್, ಸುಳ್ಳು ಬರದು ಕೊಡ್ರಿ’ ಅನ್ಲಿ. ಆಮ್ಯಾಲ ನೋಡೋಣು."

"ಆಕಿಗೆ ಇದು ಗೊತ್ತಿಲ್ರಿ ಅಕ್ಕೋರ."

"ಹಂಗಾರ ಮೊದಲ ಆಕಿಗೆ ಹೇಳ್ರಿ. ಮತ್ತ ಆ ಡಬ್ಬಿ ಒಯ್ರಿ, ನಮ್ಮ ಮನ್ಯಾಗ ನಿಮ್ಮವ ನಾಲ್ಕು ಅದಾವ, ಎಲ್ಲಾ ರೊಕ್ಕಾ ಕೊಟ್ಟು ತಗೊಂಡಿದ್ದು."

ಇಪ್ಪತ್ತಾರು ವರ್ಷದ ದಂಧೆಯಲ್ಲಿ ಪೇಪರು ಬಿಚ್ಚದೆ ವಾಪಸು ಬಂದ ಮೊದಲ ಮಾಲು.

ಮಾರ್ಚ್ ೧೧

ಶಿಗ್ಗಾಂವಿ. ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವ ಹಿರೇಬೆಂಡಿಗೇರಿಯ ಉಳಿವೆಪ್ಪ ಕೇಳಿದ: "ಯಾಕೋ ಶಂಕ್ರಪ್ಪಾ, ನಿನ್ನ ಬಾಯಿಗೆ ಇವತ್ತ ಸೂಟಿ ಏನು? ನಿನ್ನ ಗದ್ದಲಕ್ಕ ಬರೂ ಮಂದಿ ನನ್ನ ಬಳ್ಳೊಳ್ಳಿನೂ ಒಯ್ತಿದ್ರು. ನೀ ಸುಮ್ನ ಕುಂತ್ರ ನಾ ಉಪವಾಸ."

ಗಂಟಲು ಕೆಟ್ಟಿದೆ ಎಂದೆ. ಮಧ್ಯಾಹ್ನ ಕಾಗದದಲ್ಲಿ ಸುತ್ತಿದ ಒಣಶುಂಠಿ ತಂದುಕೊಟ್ಟ. ತಿನ್ನಬೇಕಾಯಿತು.

ಸಂಜೆ ಫೋನಿನಲ್ಲಿ ಎರಡು ನಿಮಿಷ.

ಏಪ್ರಿಲ್ ೬

ಧಾರವಾಡಕ್ಕೆ ಹೋಗಿ ಬಂದೆ. ಹೇಳಿಯೇ ಬರಬೇಕೆಂದು ಹೋಗಿದ್ದೆ. ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೂ ಇದ್ದೆ.

ಕೋಣೆ ಹತ್ತಡಿ ಹನ್ನೆರಡಡಿ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಪುಸ್ತಕ. ಶ್ವೇತಾ ಗೋಡೆಗೆ ಮುಖ ಮಾಡಿ ಓದುತ್ತಾಳೆ. ಸಪ್ಪಳ ಆಗಬಾರದೆಂದು ಸರೋಜಾ ರೊಟ್ಟಿ ಬಡಿಯುವುದನ್ನು ಬಿಟ್ಟು ಲಟ್ಟಿಸಲು ಕಲಿತಿದ್ದಾಳೆ. ನಮ್ಮ ಓಣಿಗೆಲ್ಲ ಕೇಳುವ ಹಾಗೆ ರೊಟ್ಟಿ ಬಡಿಯುತ್ತಿದ್ದವಳು.

ನಾನು ಹಾನಗಲ್ಲಿನ ಮಾವಿನ ಫಸಲು, ಉಳಿವೆಪ್ಪನ ಶುಂಠಿ, ಗಾಡಿಯ ಟೈರು, ಎಲ್ಲ ಹೇಳಿದೆ. ಶ್ವೇತಾ ಪುಸ್ತಕ ಎತ್ತಿಕೊಂಡು ಮಾಳಿಗೆಗೆ ಹೋದಳು.

"ನೀವ್ ಸ್ವಲ್ಪ ಸುಮ್ನ ಕುಂತ್ರ ಆಕಿ ಏನರ ಮಾತಾಡ್ತಾಳ್ರಿ," ಅಂದಳು ಸರೋಜಾ.

"ನಿನ್ನ ಜೋಡಿ ಮಾತಾಡ್ತಾಳೇನು?"

"ನನ್ನ ಜೋಡಿ ಯಾರು ಮಾತಾಡ್ತಾರ? ಮಾಲಕರ ಮನಿ ಕಾಕು ಶುಕ್ರವಾರಕ್ಕೊಮ್ಮೆ ‘ನೀರು ಬಂತೇನವಾ’ ಅಂತಾಳ. ಶುಕ್ರವಾರ ಯಾವಾಗ ಬರ್ತೈತೋ ಅಂತ ಕಾಯ್ತೇನಿ."

ನಾನೊಬ್ಬನೇ ಒಬ್ಬಂಟಿ ಎಂದುಕೊಂಡಿದ್ದೆ. ಹೇಳದೆಯೇ ಬಂದೆ. ಅಂಕ ಕೇಳುವುದೂ ಮರೆತುಹೋಯಿತು.

ಮೇ ೪

ಪರೀಕ್ಷೆ. ಶ್ವೇತಾಳ ಕಿವಿಯೋಲೆ, ಕೂದಲ ಪಿನ್ನು, ಎಲ್ಲ ಬಿಚ್ಚಿಸಿ ಒಳಗೆ ಬಿಟ್ಟರು. ಓಲೆ ನನ್ನ ಕೈಗೆ ಕೊಟ್ಟು ಹಿಂದಿರುಗಿ ನೋಡದೆ ಹೋದಳು.

ಹೊರಗೆ ನೂರಾರು ತಂದೆತಾಯಿ. ಬೇವಿನ ಗಿಡದ ನೆರಳಿಗೆ ಕುಳಿತೆವು. ಮಗಳು ಒಳಗೆ ಬರೆಯುತ್ತಿರುವಾಗ ಈ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಮೂರು ತಾಸು ಕೂಡುವುದು ಆಗಲಿಲ್ಲ.

"ಸರೋಜಾ, ಹ್ವಾದ ವರ್ಷನ ಆಕಿಗೆ ಸೀಟು ಸಿಗ್ತಿತ್ತು."

ಪೂರ್ತಿ ಹೇಳಿದೆ. ಗ್ರಾಮೀಣ, ಕನ್ನಡ, ಆರನೇ ಇಯತ್ತೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು.

"ಅಂದ್ರ ಈ ಹತ್ತು ತಿಂಗಳು ನಾ ಆ ಕ್ವಾಣ್ಯಾಗ..."

"ಹನ್ನೊಂದು," ಅಂದೆ.

ಲೆಕ್ಕ ಸರಿಯಿತ್ತು. ಹೇಳಬಾರದಿತ್ತು. ಆಕೆ ಎದ್ದು ಹೋಗಿ ಗುರುತಿಲ್ಲದ ಹೆಂಗಸರ ನಡುವೆ ಕುಳಿತಳು. ಗಂಟೆ ಬಾರಿಸುವವರೆಗೂ ಅಲ್ಲಿಯೇ.

ಮೇ ೯

ಎಲ್ಲರೂ ಊರಿಗೆ ಬಂದಿದ್ದೇವೆ. ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿದೆ, ಮೊದಲಿಗಿಂತ ಜೋರು. ಸರೋಜಾ ನನ್ನೊಡನೆ ಆಡುವ ಮಾತು: "ಇನ್ನೊಂದು ಹಾಕ್ಲಿ?" ಮೂರು ಜನ ಇರುವ ಮನೆಯಲ್ಲಿ ಒಬ್ಬನೇ ಇರುವುದು ಹೇಗೆಂದು ಈಗ ಗೊತ್ತಾಗುತ್ತಿದೆ.

ಜೂನ್ ೧೪

ಫಲಿತಾಂಶ. ಹೋದ ಸಲಕ್ಕಿಂತ ಚೆನ್ನಾಗಿದೆ. ಚನ್ನೇಶ ಹಳೆಯ ಪಟ್ಟಿಯ ಜೊತೆಗೆ ಹೊಂದಿಸಿ ನೋಡಿದ. ಸಾಮಾನ್ಯ ಸಾಲಿನ ಬಾಗಿಲ ಹೊರಗೆ, ಹೊಸ್ತಿಲಿಗೆ ತಾಗಿ. ಗ್ರಾಮೀಣ ಸಾಲಿನಲ್ಲಾದರೆ ಆರಾಮಾಗಿ ಒಳಗೆ.

"ಕಾಕಾ, ಸರ್ಟಿಫಿಕೇಟ್ ಮಾಡಿಕೊಡೋರು ಒಬ್ರು ಗೊತ್ತದಾರ," ಎಂದ, ಕಂಪ್ಯೂಟರ್ ಕಡೆಗೇ ನೋಡುತ್ತ. "ಸಾಲಿಯೋರನ್ನ ಕೇಳೂದ ಬ್ಯಾಡ."

ಇಲ್ಲ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ.

ಜೂನ್ ೧೬

ಬೆಳಿಗ್ಗೆ ಶ್ವೇತಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನೂ ಸುಲಿದೆ. ಮಾತು ಹೊಂದಿಸಿಕೊಂಡಿರಲಿಲ್ಲ.

"ಆರನೇ ಇಯತ್ತಕ್ಕ ನಿನ್ನ ಸವಣೂರಿಗೆ ಹಾಕಿದ್ನಲ್ಲ. ಅದರಿಂದ ನಿನ್ನ ಸೀಟು ಹೋತವ್ವಾ."

"ಗೊತ್ತೈತಿ."

"ಹೆಂಗ ಗೊತ್ತೈತಿ?"

"ಎರಡು ವರ್ಷ ಅರ್ಜಿ ತುಂಬಿದಾಕಿ ನಾನ ಅಲ್ಲೇನಪ್ಪಾ? ‘ಎಷ್ಟು ವರ್ಷ ಹಳ್ಳಿ’ ಅಂತ ಕೇಳ್ತಾರ. ಒಂಬತ್ತು ಅಂತ ಬರದೇನಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಸೀದಾ ರಹಿಮಾಬಿ ಟೀಚರ್ ಕಡೆ ಹೋಗ್ತಿದ್ದಿ."

ನಾನು ಒಂದು ಕಾಯಿ ಸುಲಿದೆ. ಇನ್ನೊಂದು ಸುಲಿದೆ. "ಹೋಗಿದ್ದೆ," ಅಂದೆ.

ಆಕೆಗೆ ನಗು ತಡೆಯಲಾಗಲಿಲ್ಲ. ಮಡಿಲಿನ ಸಿಪ್ಪೆಯೆಲ್ಲ ಅಂಗಳಕ್ಕೆ ಬಿತ್ತು. ಈ ನಗು ನಾನು ಕೇಳಿ ವರ್ಷಗಳಾಗಿದ್ದವು. "ಏನ್ ಒಯ್ದಿದ್ದಿ? ಪರಾತ?"

"ಹಾಟ್‌ಬಾಕ್ಸ್."

ಮತ್ತೂ ನಕ್ಕಳು. ನಗು ನಿಂತ ಮೇಲೆ ನಾನು ಅಕ್ಕೋರ ಮಾತು ಹೇಳಿದೆ: ನೀನೇ ಹೋಗಿ ಕೇಳಬೇಕಂತೆ.

"ನಾ ಕೇಳಿದ್ರ ಟೀಚರ್ ಬರದು ಕೊಡ್ತಾರಪ್ಪಾ. ಅದಕ್ಕ ಕೇಳಂಗಿಲ್ಲ."

ಚನ್ನೇಶನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಯೇ ನಿಂತಿತು.

"ನನ್ನ ಮ್ಯಾಲೆ ಸಿಟ್ಟಿಲ್ಲೇನು?"

"ಐತಿ," ಅಂದಳು, ಶೇಂಗಾ ಸುಲಿಯುತ್ತಲೇ. "ಹಾನಗಲ್ ಸಂತಿದು ಐತಿ. ಆದ್ರ ಏಳನೇ ಇಯತ್ತಕ್ಕ ನನ್ನ ತಿರುಗಿ ಇಲ್ಲಿ ಹಾಕಿದಾಗ ರುದ್ರೇಶ ಕಾಕಾ ಮನಿಗೆ ಬಂದು ‘ಮಾಲು ವಾಪಸ್ ಬಂತೇನೋ’ ಅಂತ ನಕ್ಕಿದ್ದ. ನೀ ಏನಂದಿ ನೆನಪೈತೇನು?"

"ಇಲ್ಲ."

"ಏನೂ ಅನ್ನಲಿಲ್ಲ. ನೀ ಉತ್ತರ ಕೊಡದ ಇದ್ದಿದ್ದು ನಾ ಅದೊಂದ ಸಲ ನೋಡೇನಿ."

ಒಳಗೆ ರೊಟ್ಟಿಯ ಸಪ್ಪಳ ಯಾವಾಗಲೋ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಜುಲೈ ೯

ಹಾವೇರಿಯಲ್ಲಿ ದಾಖಲೆ ಪರಿಶೀಲನೆ. ಮಲ್ಲೇಶಪ್ಪ ಎಂಬ ವಯಸ್ಸಾದ ಗುಮಾಸ್ತರು ಕಾಗದ ತಿರುವಿ ಹಾಕಿ ಲೊಚಗುಟ್ಟಿದರು.

"ಒಂಬತ್ತು ವರ್ಷ ಹಳ್ಳಿ, ಒಂದ ವರ್ಷ ಪ್ಯಾಟಿ! ಎಂಥ ಚಲೋ ಮೀಸಲಾತಿ ಕಳ್ಕೊಂಡ್ರಿ. ಯಾರ್ರಿ ಹಂಗ ಮಾಡಿದವ್ರು?"

ನಾನು ಬಾಯಿ ತೆರೆಯುವ ಮೊದಲೇ ಶ್ವೇತಾ ಅಂದಳು: "ನಾನ ಹಟ ಹಿಡದಿದ್ದೆ ರೀ ಸರ್. ಟೈ ಕಟ್ಕೊಬೇಕು ಅಂತ."

ಹಿಂದೆ ಸಾಲಿನಲ್ಲಿ ಹತ್ತಿಪ್ಪತ್ತು ಜನರಿದ್ದರು.

"ಸುಳ್ಳು ರೀ," ಅಂದೆ. "ಆಕಿ ಅತ್ತಿದ್ಳು. ನಾ ಹಾಕಿದ್ದು. ನನ್ನ ಷಡ್ಡಕಗ ತೋರಿಸಾಕ."

ಮಲ್ಲೇಶಪ್ಪನವರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು, ಮತ್ತೆ ಕಾಗದ ನೋಡಿದರು. "ಅದನ್ನ ಬರಿಯಾಕ ಇದರಾಗ ಜಾಗ ಇಲ್ರಿ. ಇಲ್ಲಿ ಸಹಿ ಮಾಡ್ರಿ."

ಮಾಡಿದೆ. ಸಣ್ಣದಾಗಿ.

ಆಗಸ್ಟ್ ೧೮

ಮೊದಲ ಸುತ್ತು. ಎಂಬಿಬಿಎಸ್ ಇಲ್ಲ. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿನ ಸೀಟು ಬಂತು. ಅದನ್ನು ಕೈಯಲ್ಲಿಟ್ಟುಕೊಂಡು ಇನ್ನೊಂದು ಸುತ್ತು ಕಾಯೋಣ ಎಂದೆ. ಆಕೆಯೂ ಕಾಯೋಣ ಎಂದಳು.

ಸೆಪ್ಟೆಂಬರ್ ೧೯

ಎರಡನೇ ಸುತ್ತು. ಸಾಮಾನ್ಯ ಸಾಲು ಕೆಳಗಿಳಿಯುತ್ತ ಬಂದು ಆಕೆಗಿಂತ ಮುನ್ನೂರ ಚಿಲ್ಲರೆ ರ್‍ಯಾಂಕಿನಷ್ಟು ಮೇಲೆ ನಿಂತಿತು. ಚಿಲ್ಲರೆ ಎಷ್ಟೆಂದು ಬರೆಯುವುದಿಲ್ಲ.

ಸರೋಜಾ ಹಿತ್ತಲಿಗೆ ಹೋಗಿ ಅತ್ತು ಬಂದಳು. ಶ್ವೇತಾ ಮುಖ ತೊಳೆದುಕೊಂಡು ಬಂದು ನಮ್ಮಿಬ್ಬರ ಮುಂದೆ ಕುಳಿತಳು.

"ಮೂರನೇ ಸಲ ಬರಿಯಂಗಿಲ್ಲ. ಅವ್ವನ್ನ ಮತ್ತ ಆ ಕ್ವಾಣ್ಯಾಗ ಕೂಡ್ಸಾಕ ನನಗ ಆಗಂಗಿಲ್ಲ. ಬಳ್ಳಾರಿಗೆ ಹೋಗ್ತೇನಿ."

ಆಯುರ್ವೇದದ ಬಗ್ಗೆ ನಾಲ್ಕು ಒಳ್ಳೆಯ ಮಾತು ನನಗೆ ಬರುತ್ತಿದ್ದವು. ಮಾರುವ ಮಾತುಗಳು. ಆಕೆಗೆ ಬೇಕಿದ್ದದ್ದು ಅದಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ನೀರು ತಂದುಕೊಟ್ಟೆ.

ಸರೋಜಾ ನನ್ನ ಕಡೆಗೆ ನೋಡಿ, ನಾಲ್ಕು ತಿಂಗಳಲ್ಲಿ ಮೊದಲ ಸಲ ಊಟದ್ದಲ್ಲದ ಮಾತಾಡಿದಳು. "ಬಳ್ಳಾರಿ ಬಸ್ಸು ಎಷ್ಟೊತ್ತಿಗ್ರಿ?"

ನವೆಂಬರ್ ೧೪

ನಿನ್ನೆ ಶ್ವೇತಾಳನ್ನು ಬಳ್ಳಾರಿಯ ಹಾಸ್ಟೆಲಿಗೆ ಬಿಟ್ಟು ಬಂದೆವು. ಒಂದು ಕೋಣೆಗೆ ಮೂವರು. ಉಳಿದಿಬ್ಬರು ಮೊದಲೇ ಗೆಳತಿಯರು, ಒಂದೇ ಊರಿನವರು. ನಮ್ಮವಳಿಗೆ ಬಾಗಿಲ ಹತ್ತಿರದ ಮಂಚ ಸಿಕ್ಕಿತು.

ಇವತ್ತು ಸವಣೂರು ಸಂತೆ ಮುಗಿಸಿ ಮನೆ ಮುಟ್ಟುವ ಹೊತ್ತಿಗೆ ಫೋನು ಬಂತು. ಆಕೆಯಾಗಿಯೇ ಮಾಡಿದ್ದಳು. ಸರೋಜಾ ಕೈ ಚಾಚಿದಳು.

"ತಡಿ, ನಿಮ್ಮವ್ವಗ ಕೊಡ್ತೇನಿ."

"ಆಮ್ಯಾಲ ಕೊಡು. ನೀನ ಇರು."

"ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ. ಇಲ್ಲಿ ಯಾರೂ ಇಲ್ಲಪ್ಪಾ. ಇಬ್ರೂ ಪ್ಯಾಟಿಗೆ ಹೋದ್ರು, ನನ್ನ ಕರೀಲಿಲ್ಲ. ಸುಮ್ನ ಫೋನ್ ಹಿಡ್ಕೊಂಡು ಕುಂತಿರು."

ಕಟ್ಟೆಯ ಮೇಲೆ ಕುಳಿತೆ. ಆ ಕಡೆ ಯಾರೋ ಬಕೆಟ್ಟು ಎಳೆದರು. ಫ್ಯಾನು ತಿರುಗುತ್ತಿತ್ತು. ಆಕೆ ಪುಸ್ತಕದ ಹಾಳೆ ತಿರುವಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಂದು ಸಲ ಮೂಗು ಎಳೆದುಕೊಂಡಳು, ನಾನು ಏನೂ ಕೇಳಲಿಲ್ಲ. ಸರೋಜಾ ಬಂದು ಪಕ್ಕದಲ್ಲಿ ಕುಳಿತು ಕಿವಿ ಹತ್ತಿರ ತಂದಳು. ದೂರದಲ್ಲಿ ತಾಟು ಬಡಿಯುವ ಸಪ್ಪಳ ಕೇಳಿತು, ಊಟಕ್ಕೆ ಕರೆಯುತ್ತಿದ್ದಿರಬೇಕು.

"ಹೋಗ್ತೇನಪ್ಪಾ," ಅಂದಳು.

ಬರೆಯುವಂಥದ್ದು ಇವತ್ತು ಏನೂ ನಡೆಯಲಿಲ್ಲ.